ಗಡಿಯಾಚೆ ನಾಲ್ಕು ಸಾವಿರ, ಈಚೆ ಸಾವಿರದ ಇನ್ನೂರು

ಪಾವಗಡ ತಾಲ್ಲೂಕನ್ನು ಭೂಪಟದಲ್ಲಿ ಒಮ್ಮೆ ನೋಡಿ. ಸೇರಿರುವುದು ನಮ್ಮ ತುಮಕೂರು ಜಿಲ್ಲೆಗೆ, ಆದರೆ ಮೂರು ಕಡೆಯಿಂದಲೂ ಆಂಧ್ರ ಸುತ್ತಿಕೊಂಡಿದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಹೆಣ್ಣು ಕೊಡುವುದು, ತರುವುದು ಎಲ್ಲಾ ಗಡಿಯ ಎರಡೂ ಕಡೆ. ಅಕ್ಕ ಆಂಧ್ರದ ಮಡಕಶಿರಾ ಕಡೆ ಇದ್ದರೆ ತಂಗಿ ಪಾವಗಡದ ಕಡೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಇಬ್ಬರ ಊರಿಗೂ ಬರುವುದು ಅದೇ ಮಳೆ, ಬಾರದೆ ಹೋಗುವುದೂ ಅದೇ ಮಳೆ.

ಆದರೆ ತಿಂಗಳ ಒಂದನೇ ತಾರೀಖು ಅಕ್ಕನ ಮನೆ ಬಾಗಿಲಿಗೆ ಸರ್ಕಾರದ ನೌಕರರು ಬಂದು 4,000 ರೂಪಾಯಿ ಕೈಗೆ ಕೊಟ್ಟು ಹೋಗುತ್ತಾರೆ. ಆಂಧ್ರದಲ್ಲಿ 2024ರ ಜುಲೈನಿಂದ ಮುದುಕರ ಪಿಂಚಣಿ ಅಷ್ಟು. ತಂಗಿಗೆ ನಮ್ಮ ರಾಜ್ಯದ ಮುದುಕರ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾದಲ್ಲಿ 1,200. ಅದು ಬ್ಯಾಂಕ್ ಖಾತೆಗೆ ಬೀಳುತ್ತದೆ. ಬಿತ್ತೋ ಇಲ್ಲವೋ ತಿಳಿಯಬೇಕಾದರೆ ಬಸ್ ಹತ್ತಬೇಕು.

"ಅವ್ಳಿಗೆ ನಾಕ್ ಸಾವ್ರ, ನಂಗ್ಯಾಕಪ್ಪಾ ಇಲ್ಲ? ನಾನೂ ಮುದ್ಕಿನೇ ಅಲ್ವಾ?" ಅಂತ ಒಬ್ಬ ಅಜ್ಜಿ ನನ್ನನ್ನು ಕೇಳಿದರು. ಗಡಿ ಹತ್ತಿರದ ಒಂದು ಹಳ್ಳಿಯ ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ರಾಜ್ಯ ಬೇರೆ, ಸರ್ಕಾರ ಬೇರೆ, ಬಜೆಟ್ ಬೇರೆ ಅಂತ ನಾನು ಹೇಳಬಹುದಿತ್ತು. ಅವರ ಕೈ ನೋಡುತ್ತಾ ಕೂತವನಿಗೆ ಆ ಮಾತು ಬಾಯಿಗೆ ಬರಲಿಲ್ಲ.

ನಾನು ಹುಟ್ಟಿದ್ದು ಆ ತಾಲ್ಲೂಕಿನಲ್ಲಿ. ಈಗ ಇರುವುದು ಬೆಂಗಳೂರಿನ ಲಗ್ಗೆರೆಯಲ್ಲಿ. ನಮ್ಮ ಸುತ್ತಮುತ್ತ ಬಾಡಿಗೆಗೆ ಇರುವವರಲ್ಲಿ ಪಾವಗಡ, ಶಿರಾ, ಮಧುಗಿರಿ, ಚಳ್ಳಕೆರೆ ಕಡೆಯವರು ಜಾಸ್ತಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವವರು, ಗಾರೆ ಕೆಲಸದವರು. ಇವರ ಅಪ್ಪ ಅಮ್ಮ ಊರಲ್ಲಿದ್ದಾರೆ. ಹತ್ತಕ್ಕೆ ಹನ್ನೆರಡರ ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಮಲಗುವ ಮನೆಗೆ ಮುದುಕರನ್ನು ಎಲ್ಲಿಂದ ಕರೆತರುತ್ತಾರೆ? ಕರೆದರೂ ಅವರು ಬರುವುದಿಲ್ಲ. ಒಂದು ಎಮ್ಮೆ, ನಾಲ್ಕು ಕೋಳಿ, ಗಂಡನ ಸಮಾಧಿ, ಗೊತ್ತಿರುವ ಮುಖಗಳು, ಎಲ್ಲಾ ಅಲ್ಲೇ ಇದೆ.

ಬರ ಬಂದರೆ ಕಾಲಲ್ಲಿ ಶಕ್ತಿ ಇರುವವರು ಗುಳೆ ಹೋಗುತ್ತಾರೆ. ಉಳಿಯುವುದು ಮುದುಕರು, ಅವರ ಮಡಿಲಲ್ಲಿ ಬಿಟ್ಟುಹೋದ ಒಂದೆರಡು ಮೊಮ್ಮಕ್ಕಳು. ಬರ ಪರಿಹಾರ ಅಂತ ನಾವು ಕಟ್ಟಿಕೊಂಡಿರುವ ವ್ಯವಸ್ಥೆಯೋ, ಜಮೀನು ಇರುವವರನ್ನು, ದುಡಿಯುವ ಮೈ ಇರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಎರಡೂ ಇಲ್ಲದ ಮುದುಕರು ಅದರಲ್ಲಿ ಎಲ್ಲೂ ಸಿಗುವುದಿಲ್ಲ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2023ರ ಬರ ನೆನಪಿದೆ ಅಲ್ವಾ? ಆ ವರ್ಷ ಆಗಸ್ಟ್ ತಿಂಗಳು ಹೆಚ್ಚುಕಡಿಮೆ ಮಳೆಯೇ ಇಲ್ಲದೆ ಕಳೆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಘೋಷಣೆಗೆ ಅಳತೆಗೋಲು ಏನು? ಮಳೆ ಎಷ್ಟು ಕಡಿಮೆ, ಮಣ್ಣಿನಲ್ಲಿ ತೇವ ಎಷ್ಟು, ಬಿತ್ತನೆ ಎಷ್ಟಾಗಿದೆ, ಹಸಿರು ಎಷ್ಟಿದೆ, ಅಂತರ್ಜಲ ಎಷ್ಟು ಕೆಳಗೆ ಹೋಗಿದೆ. ಎಲ್ಲವೂ ಬೇಕಾದ ಲೆಕ್ಕವೇ. ಆದರೆ ಒಂದು ಊರಿನಲ್ಲಿ ಎಷ್ಟು ಮುದುಕರು ಒಬ್ಬರೇ ಇದ್ದಾರೆ, ಅವರ ಮನೆಯ ಮಡಕೆಯಲ್ಲಿ ರಾಗಿಹಿಟ್ಟು ಎಷ್ಟಿದೆ ಅನ್ನುವ ಲೆಕ್ಕ ಆ ಪಟ್ಟಿಯಲ್ಲಿಲ್ಲ.

ಆಮೇಲೆ ಪರಿಹಾರ. ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಇದು ಸಿಗಬೇಕಾದರೆ ಪಹಣಿ ನಿಮ್ಮ ಹೆಸರಿನಲ್ಲಿರಬೇಕು, ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು. ನಮ್ಮ ಕಡೆ ಎಷ್ಟೋ ಪಹಣಿಗಳಲ್ಲಿ ಇನ್ನೂ ಸತ್ತ ಮಾವನ ಹೆಸರಿದೆ, ಸತ್ತ ಗಂಡನ ಹೆಸರಿದೆ. ಪೌತಿ ಖಾತೆ ಮಾಡಿಸಬೇಕು, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಬೇಕು ಅಂದರೆ ಮರಣ ಪತ್ರ, ವಂಶವೃಕ್ಷ, ಎಲ್ಲಾ ಮಕ್ಕಳ ಒಪ್ಪಿಗೆ ಬೇಕು. ಬೇರೆ ಬೇರೆ ಊರು ಸೇರಿರುವ ಮಕ್ಕಳನ್ನು ಒಂದು ದಿನ ನಾಡಕಚೇರಿಗೆ ಕೂಡಿಸುವ ಶಕ್ತಿ ಆ ಮುದುಕಿಗೆ ಎಲ್ಲಿದೆ? ಹೊಲ ಕಣ್ಣೆದುರಿಗೇ ಒಣಗಿದೆ, ಪರಿಹಾರ ಮಾತ್ರ ಸತ್ತವನ ಹೆಸರಿನಲ್ಲಿ ನಿಂತಿದೆ.

ಆ ಬರಕ್ಕೆ ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಅದರಲ್ಲಿ 12,500 ಕೋಟಿಗೂ ಜಾಸ್ತಿ ಕೇಳಿದ್ದು ಬೆಳೆಗಲ್ಲ, ಬರದಿಂದ ಬದುಕಿನ ದಾರಿ ಕಳೆದುಕೊಂಡ ಕುಟುಂಬಗಳ ಹೊಟ್ಟೆಪಾಡಿಗೆ. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,450 ಕೋಟಿ. ಯಾರು ಸರಿ ಯಾರು ತಪ್ಪು ಅಂತ ಎರಡೂ ಕಡೆಯವರು ಟಿ.ವಿ.ಯಲ್ಲಿ ಸಾಕಷ್ಟು ವಾದ ಮಾಡಿದರು. ನನಗೆ ಕಾಣುವುದು ಇಷ್ಟೇ. ಜಮೀನಿಲ್ಲದವರಿಗೂ ಏನಾದರೂ ತಲುಪಬಹುದಾಗಿದ್ದ ಆ ದೊಡ್ಡ ಬಾಬತ್ತು ಎಳೆದಾಟದಲ್ಲಿ ಸಿಕ್ಕಿಕೊಂಡಿತು.

ಇನ್ನು ಉದ್ಯೋಗ ಖಾತ್ರಿ. ಆ ಬರದ ಹೊತ್ತಿಗೆ ವರ್ಷಕ್ಕೆ 100 ದಿನ ಇತ್ತು, ಬರ ಘೋಷಣೆಯಾದರೆ ಇನ್ನೂ 50 ದಿನ. ಕರ್ನಾಟಕದಲ್ಲಿ ಹಿರಿಯರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಅನ್ನುವ ರಿಯಾಯಿತಿಯೂ ಇತ್ತು. ಒಳ್ಳೆಯ ವಿಚಾರ. ಆದರೆ ಹಾಜರಿಗೆ ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆಯುವ ನಿಯಮ ಬಂದ ಮೇಲೆ, ಬೆಳಿಗ್ಗೆಯೇ ತನ್ನ ಪಾಲಿನ ಮಣ್ಣು ಎತ್ತಿ ಮುಗಿಸಿದ ಅಜ್ಜಿಯೂ ಎರಡನೇ ಫೋಟೊಗಾಗಿ ಏಪ್ರಿಲ್ ಬಿಸಿಲಿನಲ್ಲಿ ಕಾಯಬೇಕಾಯಿತು. ಎಪ್ಪತ್ತೈದರ ಮೈಗೆ ಮಣ್ಣಿನ ಬುಟ್ಟಿ ಹೊರಿಸಿ ಬರ ದಾಟಿಸುತ್ತೇವೆ ಅನ್ನುವುದೇ ನನಗೆ ಒಪ್ಪಿಗೆಯಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಯಾವ ಸರ್ಕಾರಿ ಲೆಕ್ಕಕ್ಕೂ ಸಿಗದ ಇನ್ನೊಂದು ವಿಷಯ. ಒಳ್ಳೆಯ ವರ್ಷದಲ್ಲಿ ಬಡ ಮುದುಕರು ಹೇಗೆ ಬದುಕುತ್ತಾರೆ? ಮಗ ಕಳಿಸುವ ದುಡ್ಡು ಅಷ್ಟೇ ಅಲ್ಲ. ಕಡಲೆಕಾಯಿ ಕಿತ್ತ ಹೊಲದಲ್ಲಿ ಹಕ್ಕಲು, ಅಂದರೆ ನೆಲದಲ್ಲಿ ಉಳಿದ ಕಾಯಿ, ಆಯುತ್ತಾರೆ. ಹೊಲದವರು ಯಾರೂ ಬೇಡ ಅನ್ನುವುದಿಲ್ಲ, ಹಕ್ಕಲು ಮುದುಕರದು, ಮಕ್ಕಳದು ಅಂತ ಊರಿಗೇ ಗೊತ್ತು. ಆಯ್ದ ಕಾಯಿಯಲ್ಲಿ ಅರ್ಧ ಅಂಗಡಿಗೆ ಹೋಗಿ ಎಲೆ ಅಡಿಕೆ, ಕಾಫಿಪುಡಿ ಆಗುತ್ತದೆ, ಉಳಿದರ್ಧ ಮನೆಗೆ. ಮಳೆ ಬಿದ್ದ ಮೇಲೆ ಬದುವಿನ ಮೇಲೆ ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು ಏಳುತ್ತವೆ. ಸೆರಗಿನ ತುಂಬಾ ಬೆರಕೆ ಸೊಪ್ಪು ಕಿತ್ತು ತಂದು, ಒಂದು ಹಿಡಿ ಹುರುಳಿಕಾಳು ಹಾಕಿ ಬೇಯಿಸಿದರೆ ಎರಡು ಹೊತ್ತಿಗೆ ಸಾರು. ಹಸು ಎಮ್ಮೆ ಇರುವ ಮನೆಯಲ್ಲಿ ಮಜ್ಜಿಗೆ ಕಡೆದ ದಿನ ಒಂದು ಚೊಂಬು ಸುಮ್ನೆ ಸಿಗುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಹುಣಸೆಹಣ್ಣು ಕುಟ್ಟುವ, ಬೀಜ ತೆಗೆಯುವ ಕೂಲಿ. ಆಮೇಲೆ ಹೊಂಗೆಬೀಜ, ಬೇವಿನಬೀಜ ಆಯುವುದು. ಬಿತ್ತನೆಗೆ ಮುಂಚೆ ಕಡಲೆಕಾಯಿ ಸುಲಿದು ಬೀಜ ಮಾಡಿಕೊಡುವುದು. ಇವೆಲ್ಲಾ ಕೂತು ಮಾಡುವ ಕೆಲಸ, ಮುದುಕರ ಕೈಗೆ ಒಗ್ಗುವ ಕೆಲಸ.

ಯಾರೂ ಬರೆದಿಡದೆ ಊರು ತನ್ನ ಮುದುಕರಿಗೆ ಕೊಡುತ್ತಾ ಬಂದ ಪಿಂಚಣಿ ಇದು. ಮಳೆ ಕೈಕೊಟ್ಟ ವರ್ಷ ಮೊದಲು ನಿಲ್ಲುವುದು ಇದೇ. ಹೊಲದವನು ತಾನೇ ಕಾಳು ಕಾಳು ಆಯುವಾಗ ಹಕ್ಕಲು ಎಲ್ಲಿಂದ? ಬದು ಒಣಗಿದರೆ ಸೊಪ್ಪಿಲ್ಲ. ಮೇವಿಲ್ಲದೆ ಹಸು ಮಾರಿದ ಮನೆಯಲ್ಲಿ ಮಜ್ಜಿಗೆ ಇಲ್ಲ. ಬಿತ್ತನೆಯೇ ಇಲ್ಲದಿದ್ದರೆ ಬೀಜ ಸುಲಿಯುವ ಕೂಲಿಯೂ ಇಲ್ಲ. ದೊಡ್ಡ ರೈತನಿಗೆ ಬರದ ಪೆಟ್ಟು ಕೊಯ್ಲಿನ ಹೊತ್ತಿಗೆ ತಟ್ಟಿದರೆ, ಈ ಅಜ್ಜಿಯರಿಗೆ ಅದು ಆಗಸ್ಟಿನಲ್ಲೇ ಸೊಪ್ಪಿಲ್ಲದ ಸಾರಿನಲ್ಲಿ ತಟ್ಟಿರುತ್ತದೆ. ಅನ್ನಭಾಗ್ಯದ ಅಕ್ಕಿ ಇದೆಯಲ್ಲ ಅನ್ನಬಹುದು. ಇದೆ, ಅದು ಎಷ್ಟೋ ಜೀವ ಉಳಿಸಿದೆ. 1960ರ ದಶಕದ ಬರದಲ್ಲಿ ಅಮೆರಿಕದಿಂದ ಬಂದ ಕೆಂಪುಜೋಳ ತಿಂದು ಬೆಳೆದ ಈ ತಲೆಮಾರಿನವರೇ ಅದನ್ನು ಕೈಮುಗಿದು ಹೇಳುತ್ತಾರೆ. ಆದರೆ ಬರೀ ಅಕ್ಕಿ ಊಟ ಆಗುವುದಿಲ್ಲ. ಬೇಳೆ, ಎಣ್ಣೆ, ಸೊಪ್ಪು, ಮಂಡಿ ನೋವಿನ ಮಾತ್ರೆ, ಇವಕ್ಕೆ ಕೈಯಲ್ಲಿ ಕಾಸು ಬೇಕು.

ಮಂಡಿ ನೋವು ಅಂದೆ. ಪಾವಗಡದ ಕಡೆ ಅದು ಬರೀ ವಯಸ್ಸಿನ ನೋವಲ್ಲ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಹತ್ತಾರು ವರ್ಷ ಕುಡಿದರೆ ಹಲ್ಲು ಕೆಡುತ್ತವೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಜೀವನವಿಡೀ ಅದೇ ನೀರು ಕುಡಿದವರು ಈಗ ಮುದುಕರಾಗಿದ್ದಾರೆ. ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ ನಿಜ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಕ್ಯಾನ್ ತುಂಬಿದರೆ 20 ಕಿಲೋ. ಹುಡುಗರು ಬೈಕಿನ ಮೇಲೆ ಇಟ್ಟುಕೊಂಡು ಹೋಗುತ್ತಾರೆ. ಬಗ್ಗಿದ ಬೆನ್ನಿನ ಅಜ್ಜಿ ಒಂದು ಬಿಂದಿಗೆ ಹಿಡಿದು ಹಳೇ ಕೊಳಾಯಿಗೇ ಹೋಗುತ್ತಾರೆ. ಯಾರಿಗೆ ಆ ಶುದ್ಧ ನೀರು ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೇ ಅದನ್ನು ಹೊರಲು ಆಗುವುದಿಲ್ಲ. ಇದನ್ನು ಸರಿಮಾಡಲು ಕೋಟಿಗಟ್ಟಲೆ ಹಣ ಬೇಡ. ಬೀದಿಗೊಬ್ಬರು ವಾರಕ್ಕೆರಡು ಸಲ ಒಂದು ಕ್ಯಾನ್ ಇಳಿಸಿ ಬಂದರೆ ಸಾಕು.

ಅದೇ ತಾಲ್ಲೂಕಿನಲ್ಲಿ ತಿರುಮಣಿ ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್. ಬೆಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಹಸಿರು ವಿದ್ಯುತ್ತಿನಲ್ಲಿ ಅದರದ್ದೂ ಪಾಲಿದೆ. ಜಮೀನು ಗುತ್ತಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಸುತ್ತಾ ಕೊಡುತ್ತಾರೆ. ಬರದ ನೆಲಕ್ಕೆ ಅದು ಒಳ್ಳೆಯ ಆದಾಯ. ವಯಸ್ಸಾದ ಎಷ್ಟೋ ರೈತರು ಆ ಹಣದಲ್ಲಿ ನೆಮ್ಮದಿಯಾಗಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡಿದವರು, ಹಕ್ಕಲು ಆಯ್ದವರು, ಕುರಿ ಮೇಯಿಸಿದವರು ಗುತ್ತಿಗೆ ಪತ್ರದಲ್ಲಿ ಇಲ್ಲ. ಅವರಿಗೆ ಬೇಲಿ ಕಾಣುತ್ತದೆ ಅಷ್ಟೇ.

ಹಾಗಾಗಿ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಪಿಂಚಣಿಯ ಮೇಲೆ. ಕೇಂದ್ರ ಸರ್ಕಾರ 1995ರಲ್ಲಿ ವೃದ್ಧಾಪ್ಯ ವೇತನ ಶುರುಮಾಡಿದಾಗ ಕೊಟ್ಟದ್ದು ತಿಂಗಳಿಗೆ 75 ರೂಪಾಯಿ. ಆಮೇಲೆ 200 ಆಯಿತು. ಎಂಬತ್ತು ದಾಟಿದವರಿಗೆ 500. ಉಳಿದವರಿಗೆ 2007ರಿಂದ ಅದು 200ರಲ್ಲೇ ನಿಂತಿದೆ. ಆಗ 200 ರೂಪಾಯಿಗೆ ಏನೇನು ಬರುತ್ತಿತ್ತು, ಈಗ ಏನು ಬರುತ್ತದೆ ಅಂತ ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಕರ್ನಾಟಕದಲ್ಲಿ ರಾಜ್ಯ ತನ್ನ ಹಣ ಹಾಕಿ 65 ದಾಟಿದವರಿಗೆ 1,200 ಕೊಡುತ್ತಿದೆ. ಗೃಹಲಕ್ಷ್ಮಿಯ 2,000 ಬಂದ ಮೇಲೆ, ಪಡಿತರ ಚೀಟಿಯಲ್ಲಿ ತಾವೇ ಯಜಮಾನಿಯಾಗಿರುವ ಒಂಟಿ ಅಜ್ಜಿಯರ ಬದುಕು ನಿಜವಾಗಿಯೂ ಬದಲಾಗಿದೆ. ಕೆಲವು ಸಲ ತಡವಾಗುತ್ತದೆ, ಆದರೂ ಬರುತ್ತದೆ. ಅಂಗಡಿಯಲ್ಲಿ ಸಾಲ ಹೇಳದೆ ಬೇಳೆ ಕೊಳ್ಳುವ ಅಜ್ಜಿಯರನ್ನು ನಾನೇ ನೋಡಿದ್ದೇನೆ. ಶಕ್ತಿ ಯೋಜನೆಯ ಬಸ್ಸಿನಿಂದ ಆಸ್ಪತ್ರೆಗೆ ಹೋಗುವ ಧೈರ್ಯ ಬಂದಿದೆ. ಒಂಟಿ ತಾತನಿಗೆ ಮಾತ್ರ ಇವೆರಡೂ ಇಲ್ಲ. ಹೆಂಡತಿ ಸತ್ತ ಮೇಲೆ ಆ ಮನೆಗೆ ಉಳಿಯುವುದು 1,200 ಮಾತ್ರ.

ಆ 1,200 ಕೂಡ ಸಲೀಸಾಗಿ ಸಿಗುವುದಿಲ್ಲ. ಆಧಾರ್ ಮಾಡಿಸುವಾಗ ಯಾರೋ ಮುಖ ನೋಡಿ ಅಂದಾಜಿಗೆ ವಯಸ್ಸು ಬರೆದಿರುತ್ತಾರೆ. ಊರಿನ ಅರ್ಧ ಮುದುಕರು ಜನವರಿ 1ರಂದೇ ಹುಟ್ಟಿದವರು. ಎಪ್ಪತ್ತು ದಾಟಿದವರಿಗೆ ಆಧಾರಿನಲ್ಲಿ ಐವತ್ತೆಂಟು ಇದ್ದರೆ ಅರ್ಜಿಯೇ ಹಾಕುವಂತಿಲ್ಲ. ತಿದ್ದಿಸಲು ಹುಟ್ಟಿದ ದಾಖಲೆ ಕೇಳುತ್ತಾರೆ. ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದವರು ಯಾವ ದಾಖಲೆ ತರಬೇಕು? ಹಾಗೂ ಹೀಗೂ ಮಂಜೂರಾದರೆ ಮುಂದೆ ಬ್ಯಾಂಕಿನ ಕಥೆ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ. ಸ್ವಸಹಾಯ ಸಂಘದ ಸಾಲಕ್ಕೆ ಅಂತ ಎಂದೋ ತೆರೆದ ಖಾತೆಗೆ ಪಿಂಚಣಿ ಬಿದ್ದಿರುತ್ತದೆ, ಅಜ್ಜಿ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಅಲೆಯುತ್ತಿರುತ್ತಾರೆ. ಜೀವನವಿಡೀ ಮಣ್ಣು ಕೆದಕಿದ ಬೆರಳಿನಲ್ಲಿ ಗೆರೆಗಳೇ ಸವೆದಿವೆ. ಯಂತ್ರಕ್ಕೆ ಹೆಬ್ಬೆಟ್ಟು ಗೊತ್ತಾಗುವುದಿಲ್ಲ. "ನಿನ್ ಬೆಳ್ಳು ಬರ್ತಿಲ್ಲ ಅಜ್ಜಿ, ನಾಳೆ ಬಾ" ಅಂತ ಕಳಿಸುತ್ತಾರೆ. ನಾಳೆಗೆ ಬೆರಳು ಬದಲಾಗುತ್ತದಾ?

ನಮ್ಮಲ್ಲೂ ಒಂದು ಕಾಲದಲ್ಲಿ ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಪೋಸ್ಟಿನವರು ಹತ್ತಿಪ್ಪತ್ತು ರೂಪಾಯಿ ಇಟ್ಟುಕೊಳ್ಳುತ್ತಿದ್ದರು ಅನ್ನುವ ದೂರು ಇತ್ತು, ಅದಕ್ಕೇ ಬ್ಯಾಂಕಿಗೆ ಹಾಕುವುದು ಒಳ್ಳೆಯದು ಅಂದುಕೊಂಡೆವು. ಈಗ ಬ್ಯಾಂಕಿಗೆ ಹೋಗಿಬರುವ ಆಟೊ, ಒಂದು ದಿನದ ಕಾಯುವಿಕೆ, ಹಣ ತೆಗೆದುಕೊಟ್ಟವರಿಗೆ ಟೀ ಖರ್ಚು ಎಲ್ಲಾ ಸೇರಿಸಿದರೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಒಡಿಶಾದಲ್ಲಿ ಪ್ರತಿ ತಿಂಗಳ 15ರಂದು ಪಂಚಾಯಿತಿ ಕಚೇರಿಯಲ್ಲಿ ಎಲ್ಲರೆದುರು ಪಿಂಚಣಿ ಹಣ ಎಣಿಸಿ ಕೈಗೆ ಕೊಡುವ ಪದ್ಧತಿ ಬಹಳ ವರ್ಷ ನಡೆಯಿತು. ಎಲ್ಲರೆದುರು ಅನ್ನುವುದೇ ಅದರ ಬಲ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅಂತ ಊರಿಗೆಲ್ಲಾ ಅವತ್ತೇ ಗೊತ್ತಾಗುತ್ತದೆ. ಅಂಥ ಒಂದು ದಿನ ನಮ್ಮ ಪಂಚಾಯಿತಿಗಳಲ್ಲೂ ಬೇಕು. ಊರಲ್ಲೇ ಬ್ಯಾಂಕಿನ ಹಣ ತೆಗೆದುಕೊಡುವ ಬ್ಯಾಂಕ್ ಮಿತ್ರರನ್ನೋ ಅಂಚೆಯವರನ್ನೋ ಅವತ್ತು ಅಲ್ಲೇ ಕೂರಿಸಬಹುದು.

ಊಟದ ವಿಷಯದಲ್ಲೂ ದಾರಿ ಇದೆ. ತಮಿಳುನಾಡಿನಲ್ಲಿ 1980ರ ದಶಕದಿಂದಲೇ ವೃದ್ಧಾಪ್ಯ ವೇತನ ಪಡೆಯುವವರು ಮಕ್ಕಳ ಬಿಸಿಯೂಟದ ಕೇಂದ್ರದಲ್ಲಿ ಮಧ್ಯಾಹ್ನದ ಊಟ ಮಾಡಬಹುದು. ನಮ್ಮಲ್ಲಿ 2024ರ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಬೇಯಿಸಿದರು. ಒಳ್ಳೆಯ ಕೆಲಸ. ಒಲೆ ಉರಿಯುತ್ತಿತ್ತು, ಅಡುಗೆಯವರು ಇದ್ದರು, ಮೊಮ್ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ಮಗುವನ್ನು ಕೈಹಿಡಿದು ಕರೆತಂದ ಅಜ್ಜಿ ಶಾಲೆಯ ಗೇಟಿನ ಹೊರಗೆ ಮರದ ಕೆಳಗೆ ಕಾಯುತ್ತಿದ್ದರು. ಊರಿಗೆ ಹತ್ತೋ ಹದಿನೈದೋ ತಟ್ಟೆ ಜಾಸ್ತಿ ಹಾಕುವುದು ಅಷ್ಟು ಕಷ್ಟವಾ? ಒಂಟಿ ಹಿರಿಯರ ಮನೆಗೇ ಪಡಿತರ ಮುಟ್ಟಿಸುವ ಅನ್ನ ಸುವಿಧಾ ಯೋಜನೆ ಮಾಡಿದ ಸರ್ಕಾರಕ್ಕೆ ಇದೂ ಆಗದ ಕೆಲಸವಲ್ಲ. ಮುದುಕರಿಗೆ ಅಕ್ಕಿ ಇದ್ದರೂ ಬೇಯಿಸಲು ಸೌದೆ ಒಡೆಯುವ ಕೈ, ನೀರು ಹೊರುವ ಸೊಂಟ ಇರುವುದಿಲ್ಲ. ಒಂದು ಹೊತ್ತು ಬೇಯಿಸಿದ ಊಟ ಸಿಕ್ಕರೆ ಅದೇ ದೊಡ್ಡದು.

ಬೆಂಗಳೂರಿನಿಂದ ನಾವು ಏನು ಮಾಡುತ್ತೇವೆ? ಬರ ಬಂದಾಗ ಕಿಟ್ ಕಳಿಸುತ್ತೇವೆ. ಅಕ್ಕಿ, ಬೇಳೆ, ಎಣ್ಣೆ, ಸೋಪು. ಕೊಡುವವರ ಮನಸ್ಸು ಒಳ್ಳೆಯದೇ, ಆ ತಿಂಗಳು ಅದರಿಂದ ಹೊಟ್ಟೆ ತುಂಬುತ್ತದೆ. ಆದರೆ ಬರ ಒಂದು ತಿಂಗಳದ್ದಲ್ಲ, ಮುಪ್ಪು ಅಂತೂ ಅಲ್ಲವೇ ಅಲ್ಲ. ದೊಡ್ಡ ಕಿಟ್ ಒಂದು ಸಲ ಕೊಡುವುದಕ್ಕಿಂತ ಸಣ್ಣ ಮೊತ್ತ ತಿಂಗಳು ತಿಂಗಳು ತಪ್ಪದೆ ಕೊಡುವುದು ಮೇಲು. 1978ರಲ್ಲಿ ಶುರುವಾದ ಹೆಲ್ಪ್‌ಏಜ್ ಇಂಡಿಯಾದಂಥ ಸಂಸ್ಥೆಗಳ ಮೂಲಕ ಒಬ್ಬೊಬ್ಬ ಹಿರಿಯರಿಗೆ ಹೀಗೆ ಆಸರೆಯಾಗಬಹುದು. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಕಣ್ಣಿನ ಆಸ್ಪತ್ರೆ ನಡೆಸುತ್ತಿದೆ. ಪೊರೆ ತೆಗೆಸಿಕೊಂಡು ಮತ್ತೆ ಕಣ್ಣು ಕಂಡರೆ ಒಂಟಿ ಮುದುಕರು ತಮ್ಮ ಗಂಜಿ ತಾವೇ ಬೇಯಿಸಿಕೊಳ್ಳಬಲ್ಲರು. ಊರಲ್ಲೇ ಇದ್ದು ಕೆಲಸ ಮಾಡುವವರ ಕೈಗೆ ನಮ್ಮ ಹಣ ಹೋಗಲಿ.

ಇನ್ನೊಂದು ಕೆಲಸಕ್ಕೆ ಹಣವೂ ಬೇಡ. ನಿಮ್ಮ ಗೇಟಿನ ಸೆಕ್ಯೂರಿಟಿಯವರನ್ನು, ಮನೆಕೆಲಸಕ್ಕೆ ಬರುವ ಅಕ್ಕನನ್ನು, "ಊರಲ್ಲಿ ಅಮ್ಮನಿಗೆ ಪಿಂಚಣಿ ಬರ್ತಿದ್ಯಾ?" ಅಂತ ಕೇಳಿ. ನಮ್ಮ ಬೀದಿಯಲ್ಲಿ ನಾವು ಕೆಲವರು ಭಾನುವಾರಗಳಲ್ಲಿ ಇದನ್ನೇ ಮಾಡುತ್ತಿದ್ದೇವೆ. ಹೆಚ್ಚಿನವರ ಉತ್ತರ, "ಬರ್ತಿತ್ತು ಸಾರ್, ನಿಂತೋಗಿದೆ, ಯಾಕೆ ಅಂತ ಗೊತ್ತಿಲ್ಲ." ರಜೆ ಹಾಕಿ ಊರಿಗೆ ಹೋದರೆ ಅವತ್ತಿನ ಸಂಬಳ ಹೋಗುತ್ತದೆ. ಹೋದ ದಿನವೇ ನಾಡಕಚೇರಿಯಲ್ಲಿ ಸರ್ವರ್ ಇರುವುದಿಲ್ಲ. ಹಾಗಾಗಿ ಏನೇನು ನೋಡಬೇಕು ಅಂತ ಇಲ್ಲೇ ಗೊತ್ತುಮಾಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿ. ನಿಂತ ಪಿಂಚಣಿಗೆ ಎಷ್ಟೋ ಸಲ ಕಾರಣ ಅದೇ ಆಗಿರುತ್ತದೆ. ಅದು ಸರಿಯಿದ್ದರೆ ಮಂಜೂರಾತಿ ಆದೇಶದ ಪ್ರತಿ ಹುಡುಕಿ. ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟಿರುತ್ತಾರೆ. ಅದರ ಫೋಟೊ ತೆಗೆದು ಮಗನ ಮೊಬೈಲಿನಲ್ಲೂ ಇಡಿಸಿ. ಪಾಸ್‌ಬುಕ್ ಜೊತೆಗೆ ಆ ಪ್ರತಿ ಹಿಡಿದು ನಾಡಕಚೇರಿಗೆ ಹೋಗಲಿ. ಪಿಂಚಣಿಯ ದೂರು ಕೇಳಲು ಕಂದಾಯ ಇಲಾಖೆ ನಡೆಸುವ ಪಿಂಚಣಿ ಅದಾಲತ್ ಆ ಹೋಬಳಿಯಲ್ಲಿ ಯಾವಾಗ ಅಂತ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿಕೊಳ್ಳಲಿ. ಅವರು ಸಿಗದಿದ್ದರೆ ಹಿರಿಯರ ಸಹಾಯವಾಣಿ 14567. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.